ಏನು ಕಾಣ್ತದೆ ಕೇಳು

ವಿನುತಾ ರಜೆಯ ಮೇಲೆ ಬೆಳಂಬಾರಕ್ಕೆ ಬಂದು ನಾಲ್ಕು ದಿನವಾಗಿತ್ತು. ಆ ನಾಲ್ಕೇ ದಿನದಲ್ಲಿ ಅವಳ ಆಯಿ ನಾಗಮ್ಮನಿಗೆ ಸಾಕೋ ಸಾಕಾಗಿತ್ತು. ಮಗಳು ಬಂದದ್ದಕ್ಕಲ್ಲ, ಮಗಳು ಹೇಳಿದ್ದನ್ನೆಲ್ಲ ತಿರುಗಿ ಒಪ್ಪಿಸಬೇಕಾಗಿ ಬಂದದ್ದಕ್ಕೆ.

"ಆಯಿ, ಪೇಟೆಯಿಂದ ಬರುವಾಗ ಅರ್ಧ ಕೇಜಿ ನೀರುಳ್ಳಿ, ಒಂದು ಸೋಪು."

"ಹ್ಞೂಂ."

"ಹ್ಞೂಂ ಅಂದ್ರೆ ಆಗೂದಿಲ್ಲ. ನಾ ಹೇಳಿದ್ದು ತಿರುಗಿ ಹೇಳು."

"ಅರ್ಧ ಕೇಜಿ ಸೋಪು, ಒಂದು ನೀರುಳ್ಳಿ," ಎಂದು ನಾಗಮ್ಮ ಬೇಕಂತಲೇ ಹೇಳಿ, ಮೀನಿನ ಬುಟ್ಟಿ ತಲೆಗೇರಿಸಿ ಅಂಕೋಲೆಯ ಬಸ್ಸಿಗೆ ನಡೆದುಬಿಟ್ಟಳು. ತಂದದ್ದು ಮಾತ್ರ ಸರಿಯಾಗಿಯೇ ತಂದಳು.

ಕಾರವಾರದಲ್ಲಿ ಡಿಗ್ರಿ ಮುಗಿಸಿ ಪರೀಕ್ಷೆ ಬರೆದು, ದೂರದ ಒಂದು ದೊಡ್ಡ ವಿಮಾನ ನಿಲ್ದಾಣದಲ್ಲಿ ವಿನುತಾ ಕೆಲಸ ಹಿಡಿದು ಎರಡು ವರ್ಷವಾಗಿತ್ತು. ಎತ್ತರದ ಗಾಜಿನ ಕೋಣೆಯಲ್ಲಿ ಕೂತು ಯಾವ ವಿಮಾನ ಏರಬೇಕು, ಯಾವುದು ಇಳಿಯಬೇಕು, ಯಾವುದು ಕಾಯಬೇಕು ಎಂದು ಪೈಲಟ್‌ಗಳಿಗೆ ಹೇಳುವ ಕೆಲಸ. ಕೇರಿಯವರು ಅದನ್ನು "ವಿಮಾನಕ್ಕೆ ಸೀಟಿ ಊದೂ ಕೆಲ್ಸ" ಎಂದು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿದ್ದರು. ಬಸ್ ಕಂಡಕ್ಟರನ ಹಾಗೆ ಅವಳು ಎರಡು ಸೀಟಿ ಊದಿದರೆ ವಿಮಾನ ಹೊರಡುತ್ತದೆ ಎಂಬುದು ಪಕ್ಕದ ಮನೆಯ ಹೀರಾಳ ಗಟ್ಟಿ ನಂಬಿಕೆ.

ಈ ತಿರುಗಿ ಹೇಳಿಸುವ ಚಟ ಅವಳಿಗೆ ಸುಮ್ಮನೆ ಅಂಟಿದ್ದಲ್ಲ. ಕೆಲಸ ಕಲಿಯುತ್ತಿದ್ದ ಮೊದಲ ತಿಂಗಳಲ್ಲಿ ಒಬ್ಬ ಪೈಲಟ್ "ರನ್‌ವೇಗೆ ಬರಲೇ?" ಎಂದು ಕೇಳಿದ್ದ. ಅದೇ ಗಳಿಗೆಯಲ್ಲಿ ಪಕ್ಕದಲ್ಲಿದ್ದವರು ಇನ್ನೇನೋ ಕೇಳಿದ್ದಕ್ಕೆ ಇವಳು "ಯೆಸ್" ಅಂದಿದ್ದಳು. ಬೆರಳು ಮೈಕಿನ ಗುಂಡಿಯ ಮೇಲೆಯೇ ಇತ್ತು. ಪೈಲಟ್ ಅದು ತನಗೆಂದುಕೊಂಡು ಕಾಯಬೇಕಾದ ಗೆರೆ ದಾಟಿ ವಿಮಾನದ ಮೂಗು ಮುಂದೆ ತಂದ. ಇಳಿಯುವ ಇನ್ನೊಂದು ವಿಮಾನ ಆಗಲೇ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಿತ್ತು. ಹಿಂದೆ ನಿಂತಿದ್ದ ಹಿರಿಯ ಅಧಿಕಾರಿ ಜಯಂತಿ ಮೇಡಂ ಮೈಕು ಕಿತ್ತುಕೊಂಡು ಒಂದನ್ನು ನಿಲ್ಲಿಸಿ, ಇನ್ನೊಂದನ್ನು ಮತ್ತೆ ಮೇಲಕ್ಕೆ ಕಳಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನದಿಂದ ಬರಿಯ "ಹ್ಞೂಂ" ಕೇಳಿದರೆ ವಿನುತಾ ತಿರುಗಿ ಹೇಳಿಸದೆ ಬಿಡುತ್ತಿರಲಿಲ್ಲ. ಈ ಸಂಗತಿಯನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ.

ಅದು ಎರಡು ಸಾವಿರದ ಆರರ ಡಿಸೆಂಬರ್. ಬೆಳಂಬಾರದಲ್ಲಿ ಮೀನು ಒಣಗಿಸಲು ಹೊಸ ಸಿಮೆಂಟ್ ಕಟ್ಟೆಯಾಗಿತ್ತು. ಅದನ್ನು ಉದ್ಘಾಟಿಸಲು ಒಬ್ಬ ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬರುವವರಿದ್ದರು. ಪಕ್ಕದ ಭಾವಿಕೇರಿಯ ಕೊಯ್ಲಾದ ಗದ್ದೆಯನ್ನು ಸಪಾಟು ಮಾಡಿ, ಸುಣ್ಣದಲ್ಲಿ ದೊಡ್ಡ ಗುರುತು ಬರೆದು ಹೆಲಿಪ್ಯಾಡ್ ಮಾಡಿದ್ದರು. ಊರ ಮುಖಂಡ ರಾಜೀವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನೆಲ ಮುಟ್ಟದ ಹಾಗೆ ಓಡಾಡುತ್ತಿದ್ದ. ಗಾಳಿ ಯಾವ ಕಡೆ ಎಂದು ಪೈಲಟ್‌ಗೆ ತಿಳಿಯಲು ಹಸಿ ಹುಲ್ಲಿನ ಹೊಗೆ ಹಾಕುವುದೂ ಅವನದೇ ಜವಾಬ್ದಾರಿ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಹೆಲಿಕಾಪ್ಟರ್ ನೋಡಲು ಆಯಿ ಮಗಳು ಇಬ್ಬರೂ ಭಾವಿಕೇರಿಗೆ ಬಂದರು. ಬೆಳಂಬಾರದ ದಂಡೆಯಲ್ಲಿ ಹರವಿದ್ದ ಮೀನು ಕಾಯಲು ಹೀರಾಳನ್ನು ಬಿಟ್ಟು ಬಂದಿದ್ದರು. ಬಂದು ನೋಡಿದರೆ ರಾಜೀವನ ಮುಖ ಬಿಳಿಚಿಕೊಂಡಿತ್ತು.

"ವಿನುತಾ, ನೀನೇ ದೇವ್ರು ಬಂದ ಹಾಗೆ ಬಂದಿ! ಹೆಲಿಕಾಪ್ಟರಿನವ್ರ ಕಡೆಯಿಂದ ವಾಕಿಟಾಕಿ ಹಿಡ್ಕಂಡು ಸಂಕೇತ ಅಂತ ಒಬ್ಬ ಬಂದಿದ್ನಲ್ಲ, ಅವ್ನು ನಿನ್ನೆ ಮೂರು ಪ್ಲೇಟ್ ಬಳಚು ಸುಕ್ಕಾ ತಿಂದಿದ್ದಾನೆ. ಬೆಳಿಗ್ಗೆಯಿಂದ ಪಾಯಖಾನೆ ಬಿಟ್ಟು ಹೊರಗೇ ಬರ್ತಿಲ್ಲ! ಪೈಲಟ್ ಹತ್ರ ನೀನೇ ಮಾತಾಡು!"

"ನನಗೆ ಅಧಿಕಾರ ಇಲ್ಲ ರಾಜೀವಣ್ಣ. ನಾ ರಜೆಯಲ್ಲಿದ್ದೇನೆ."

ಅಷ್ಟರಲ್ಲಿ ಸಂಕೇತನೇ ಹೊಟ್ಟೆ ಹಿಡಿದುಕೊಂಡು ಬಂದ. "ಮೇಡಂ, ಹತ್ತು ನಿಮಿಷ. ಸುಮ್ಮನೆ ಹಿಡಿದುಕೊಳ್ಳಿ. ನಾನು..." ಎಂದವನು ಮಾತು ಮುಗಿಸದೆ ವಾಕಿಟಾಕಿಯನ್ನು ಅವಳ ಕೈಗೆ ತುರುಕಿ ಬಂದ ದಾರಿಯಲ್ಲೇ ಓಡಿದ. ಅದೇ ಹೊತ್ತಿಗೆ ವಾಕಿಟಾಕಿ ಕರಕರ ಎಂದಿತು. ಹೆಲಿಕಾಪ್ಟರ್ ಐದು ನಿಮಿಷದ ದೂರದಲ್ಲಿತ್ತು.

ಉತ್ತರ ಕೊಡದೆ ಬಿಡುವುದು ಇನ್ನೂ ದೊಡ್ಡ ತಪ್ಪು ಎನಿಸಿತು ವಿನುತಾಳಿಗೆ. ಬೆನ್ನು ನೆಟ್ಟಗೆ ಮಾಡಿದಳು. ಸುತ್ತ ನೆರೆದವರೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಅದು ಅವಳಿಗೆ ಸ್ವಲ್ಪ ಹಿತವಾಗಿಯೂ ಇತ್ತು ಎಂಬುದನ್ನು ಮುಚ್ಚಿಡುವುದೇಕೆ?

ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಒಂದೊಂದು ಶಬ್ದವೂ ಅಳೆದು ತೂಗಿದ್ದು.

"ಹೊಗೆ ಕಾಣುತ್ತಿದೆಯೇ?"

"ಹೊಗೆ ಕಾಣುತ್ತಿದೆ."

"ನೆಲದ ಮೇಲೆ ಬಿಳಿ ಗುರುತು ಕಾಣುತ್ತಿದೆಯೇ?"

"ಬಿಳಿ ಗುರುತು ಕಾಣುತ್ತಿದೆ."

"ಜಾಗ ಖಾಲಿ ಇದೆ, ಇಳಿಯಬಹುದು."

"ಜಾಗ ಖಾಲಿ ಇದೆ, ಇಳಿಯುತ್ತಿದ್ದೇನೆ."

ವಿನುತಾ ಹೆಮ್ಮೆಯಿಂದ ಆಯಿಯತ್ತ ತಿರುಗಿದಳು. "ನೋಡಿದ್ಯಾ? ತಿರುಗಿ ಹೇಳೂದು ಅಂದ್ರೆ ಹೀಗೆ."

ನಾಗಮ್ಮ ಮಗಳನ್ನು ನೋಡುತ್ತಿರಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದಳು. "ಹೌದೇ ವಿನುತಾ, ಅಷ್ಟು ಚಂದ ತಿರುಗಿ ಹೇಳ್ದವ ನಮ್ಮ ಬೆಳಂಬಾರದ ಬದಿಗೆ ಎಂತಕ್ಕೆ ಹೊಂಟಾನೆ?"

ನಿಜವಾಗಿಯೂ ಹೆಲಿಕಾಪ್ಟರ್ ತೆಂಗಿನ ಮರಗಳ ಆಚೆ, ಸಮುದ್ರದ ಕಡೆ ತಗ್ಗುತ್ತಿತ್ತು. ರಾಜೀವನ ಹುಲ್ಲಿನ ಹೊಗೆಯೋ, ಒಲೆಯ ಮುಂದಿನ ಹೊಸ ಸೊಸೆಯಂತೆ ತಲೆಯೆತ್ತದೆ ನೆಲದಲ್ಲೇ ಹರಿದಾಡುತ್ತಿತ್ತು.

ವಿನುತಾ ವಾಕಿಟಾಕಿಯನ್ನು ಬಾಯಿಯ ಹತ್ತಿರ ಹಿಡಿದಳು. ಗುಂಡಿ ಒತ್ತಿ ಮತ್ತೆ ಅದನ್ನೇ ಕೇಳಿದಳು. "ಬಿಳಿ ಗುರುತು ಕಾಣುತ್ತಿದೆಯೇ?"

"ಎದುರಿಗೇ ಕಾಣುತ್ತಿದೆ," ಎಂದ ಪೈಲಟ್, ಸ್ವಲ್ಪ ಬೇಸರದಿಂದಲೇ.

"ಎಂತ ಕೇಳ್ದೆ ನೀನು?" ಎಂದಳು ನಾಗಮ್ಮ. ಮಗಳು ಅದನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಕಾಣ್ತದಾ ಅಂತ ಕೇಳ್ತಾರೇನೇ? ಮಂಜು ಮುಸುಕಿದ್ದಾಗ ದೋಣಿಯವ್ರಿಗೆ ನಾವು ದಂಡೆಯಿಂದ ಹಾಗೆ ಕೂಗೂದೇ ಇಲ್ಲ. ಗುಡ್ಡ ಕಾಣ್ತದಾ ಅಂದ್ರೆ ಗಂಡಸ್ರು ಯಾವ್ದೋ ಗುಡ್ಡ ನೋಡಿ ಹೌದು ಅಂತಾರೆ. ಏನು ಕಾಣ್ತದೆ ಕೇಳು! ಅವ್ನ ಬಾಯಿಂದ್ಲೇ ಬರ್ಲಿ!"

ವಾದ ಮಾಡಲು ಹೊತ್ತಿರಲಿಲ್ಲ. "ಗುರುತಿನ ಅಕ್ಕಪಕ್ಕ ಏನು ಕಾಣುತ್ತಿದೆ, ಹೇಳಿ," ಎಂದಳು ವಿನುತಾ.

ಒಂದು ಕ್ಷಣ ಕರಕರ ಸದ್ದು. "ಮರಳು. ಮೂರು ದೋಣಿ. ಒಬ್ಬಳು ಹೆಂಗಸು."

ಭಾವಿಕೇರಿಯ ಗದ್ದೆಯಲ್ಲಿ ದೋಣಿ ಎಲ್ಲಿಂದ ಬರಬೇಕು? ವಿನುತಾಳಿಗೆ ಎಲ್ಲ ಒಟ್ಟಿಗೇ ಹೊಳೆಯಿತು. ಪೈಲಟ್‌ಗೆ ಕಾಣುತ್ತಿದ್ದದ್ದು ಬೆಳಂಬಾರದ ದಂಡೆ. ಗೊಬ್ಬರದ ಬಿಳಿ ಚೀಲಗಳನ್ನು ಬಿಚ್ಚಿ ಹೊಲಿದು ಆಯಿ ಮಾಡಿದ ಅಗಲವಾದ ಹಾಸು, ಅದರ ಮೇಲೆ ತಾರ್ಲೆ ಮೀನು, ನೊಣ ಬರದಿರಲೆಂದು ಹೀರಾ ಹಾಕಿದ ತೆಂಗಿನ ಸಿಪ್ಪೆಯ ಹೊಗೆ. ಆ ಹಾಸು ಗಾಳಿಗೆ ಎದ್ದು ಹೆಲಿಕಾಪ್ಟರಿನ ತಿರುಗುವ ರೆಕ್ಕೆಗೆ ಸುತ್ತಿಕೊಂಡರೆ ಮಂತ್ರಿ, ಪೈಲಟ್, ಹೀರಾ, ಯಾರೂ ಉಳಿಯುವ ಮಾತಿರಲಿಲ್ಲ.

"ಇಳಿಯಬೇಡ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಗಾಜಿನ ಕೋಣೆಯಲ್ಲಿ ಕಲಿತದ್ದು ತಡೆಯಿತು. ಕರಕರದಲ್ಲಿ "ಬೇಡ" ಕಳೆದುಹೋದರೆ ಉಳಿಯುವುದು "ಇಳಿ" ಒಂದೇ. "ಮೇಲೆ ಹೋಗಿ! ಕೂಡಲೇ ಮೇಲೆ ಹೋಗಿ!" ಎಂದಳು.

"ಮೇಲೆ ಹೋಗುತ್ತಿದ್ದೇನೆ."

ತೆಂಗಿನ ಮರಗಳ ಹಿಂದಿನಿಂದ ಹೆಲಿಕಾಪ್ಟರ್ ಮತ್ತೆ ತಲೆ ಎತ್ತಿತು. ಈ ಸಲ ವಿನುತಾ ಏನನ್ನೂ ತಾನಾಗಿ ಹೇಳಿಕೊಡಲಿಲ್ಲ. ಸಮುದ್ರಕ್ಕೆ ಬೆನ್ನು ಮಾಡಿ ಬರಲು ಹೇಳಿ, ಏನು ಕಾಣುತ್ತದೆ ಎಂದು ಕೇಳುತ್ತಾ ಹೋದಳು. ಗದ್ದೆ ಕಾಣುತ್ತದೆ, ಜನ ಕಾಣುತ್ತಾರೆ, ಕೆಂಪು ಬಣ್ಣದ ಶಾಮಿಯಾನ ಕಾಣುತ್ತದೆ ಎಂದ ಪೈಲಟ್. ಕೊನೆಗೆ, "ಇಸ್ತ್ರಿ ಅಂಗಿಯವರೊಬ್ಬರು ಗುರುತಿನ ಮೇಲೆಯೇ ನಿಂತು ಕುಣಿಯುತ್ತಿದ್ದಾರೆ," ಎಂದ. ರಾಜೀವನನ್ನು ಎಳೆದು ಆಚೆ ನಿಲ್ಲಿಸಿದ ಮೇಲೆ ಹೆಲಿಕಾಪ್ಟರ್ ಸುಣ್ಣದ ಪುಡಿಯನ್ನೆಲ್ಲ ಅವನ ಅಂಗಿಗೆ ಬಳಿದು ಕ್ಷೇಮವಾಗಿ ಇಳಿಯಿತು.

ವಿನುತಾ ಗದ್ದೆಯ ಬದುವಿನ ಮೇಲೆ ಕೂತಳು. ನಾಗಮ್ಮ ಪಕ್ಕದಲ್ಲಿ ಕೂತು ಮಗಳ ತಣ್ಣಗಿನ ಕೈಯನ್ನು ತನ್ನ ಮೀನುವಾಸನೆಯ ಕೈಗಳ ನಡುವೆ ತಿಕ್ಕಿದಳು.

"ಆಯಿ, ನಾ ತಪ್ಪು ಮಾಡ್ದೆ."

"ತಪ್ಪು ಮಾಡ್ದೆ, ಸರಿಯೂ ಮಾಡ್ದೆ. ಈಗ ನೀರು ಕುಡಿ."

ಆಗ ವಿನುತಾ ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಆ "ಯೆಸ್"ನ ಕತೆಯನ್ನು ಹೇಳಿದಳು. ಮುಗಿದ ಮೇಲೆ ನಾಗಮ್ಮ, "ಹಾಗಾದ್ರೆ ನಿನ್ನ ಕೆಲ್ಸ ಸೀಟಿ ಊದೂದಲ್ಲ," ಎಂದಷ್ಟೇ ಹೇಳಿದಳು.

ಮಧ್ಯಾಹ್ನ ಬೆಳಂಬಾರದ ಹೊಸ ಕಟ್ಟೆಯ ಮುಂದೆ ಸಭೆ ನಡೆಯಿತು. ಆಯಿ ಮಗಳು ಹೋಗಿ ಹೀರಾಳ ಪಕ್ಕ ಕೂತರು. ಹೀರಾಳ ಕೂದಲಲ್ಲಿ ಇನ್ನೂ ಮರಳಿತ್ತು, ಕಣ್ಣು ಕೆಂಡವಾಗಿತ್ತು. ಎರಡು ಬುಟ್ಟಿ ತಾರ್ಲೆ ಹಾರಿ ಸಮುದ್ರಕ್ಕೆ ವಾಪಸು ಹೋಗಿತ್ತು.

ಮಂತ್ರಿಗಳು ಮೈಕು ಹಿಡಿದು ಗಂಟಲು ಸರಿಮಾಡಿಕೊಂಡರು. "ಬಂಧುಗಳೇ, ಈ ಊರಿನ ಪ್ರೀತಿ ದೊಡ್ಡದು. ಇಳಿಯುವ ಮೊದಲೇ ಅದನ್ನು ಕಂಡೆ. ಕಡಲ ದಂಡೆಯಲ್ಲಿ ಒಬ್ಬ ತಾಯಿ ಎರಡೂ ಕೈ ಎತ್ತಿ, ಓಡೋಡಿ ಬಂದು, ನನ್ನನ್ನು ಸ್ವಾಗತಿಸಿದಳು. ನಾನೂ ಕೈ ಬೀಸಿದೆ. ಆ ತಾಯಿಯನ್ನು ಮರೆಯಲಾರೆ!"

ಚಪ್ಪಾಳೆ ಬಿತ್ತು. ಹೀರಾ ನಾಗಮ್ಮನ ಕಿವಿಗೆ ಬಗ್ಗಿದಳು. "ಸ್ವಾಗತವಾ? ಆಚೆ ಹೋಗೋ, ಮೀನು ಹಾಳಾಯ್ತು ಅಂತ ನಾ ಬೈದದ್ದು ಮಾರಾಯ್ತಿ!"

ನಾಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ವಿನುತಾಳಿಗೆ ಮಾತ್ರ ತಡೆಯಲಾಗಲಿಲ್ಲ. ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕುಬಿಟ್ಟಳು. ಮಂತ್ರಿಗಳು ಅದನ್ನೂ ಅಭಿಮಾನವೆಂದೇ ತಿಳಿದು, ಅವಳತ್ತ ಕೈ ಮುಗಿದರು.