ತಾಯಿ ತೋಳ ನೀರಿಗೆ ಹೋಗುವ ಹೊತ್ತು

ಮಲಕಾಜಪ್ಪನ ಹೆಸರೆತ್ತಿದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಸವದತ್ತಿ, ರಾಮದುರ್ಗದ ಹಳ್ಳಿಹಳ್ಳಿ ಸುತ್ತಿ, ತೋಳವನ್ನು ಕೊಲ್ಲಬೇಡಿ ಎಂದು ತಿಳಿಹೇಳುವುದು ನನ್ನ ಕೆಲಸ. ಸುರೇಬಾನದ ಗುಡ್ಡದ ಬಿಲದಲ್ಲಿ ನಾಲ್ಕು ಮರಿಗಳಿದ್ದವು. ಅವು ಉಳಿಯಲಿ ಎಂದೇ ಅಲ್ಲಿ ಸಭೆ ಕರೆದಿದ್ದೆ.

ಬಂದ ಕುರಿಗಾರರೆಲ್ಲ ಆಕಳಿಸುತ್ತಿದ್ದರು. ಮಲಕಾಜಪ್ಪ ಒಬ್ಬನೇ ಮುಂದೆ ಕುಳಿತು ಕಣ್ಣು ಮಿಟುಕಿಸದೆ ಕೇಳುತ್ತಿದ್ದ.

“ಶೈಲಶ್ರೀ ಬಾಯಾರ, ತಾಯಿ ತ್ವಾಳ ಮರಿ ಬಿಟ್ಟು ಯಾವಾಗ ಹೊರಗ ಹೋಗತೈತ್ರಿ?” ಎಂದ.

ಅಬ್ಬಾ, ಎಂಥ ಪ್ರಶ್ನೆ! ಉಬ್ಬಿಹೋದೆ. ಹದಿನೈದು ದಿನ ದುರ್ಬೀನು ಹಿಡಿದು ಕಂಡದ್ದನ್ನೆಲ್ಲ ಸುರಿದೆ. ಬಿಸಿಲೇರುವ ಮುಂಚೆ ಹಳ್ಳಕ್ಕೆ ನೀರಿಗೆ ಹೋಗುತ್ತದೆ, ಒಂದು ತಾಸು ಮರಿಗಳಷ್ಟೇ ಇರುತ್ತವೆ ಎಂದೆ.

ಕೊನೆಗೆ ಅವನು ಹೆಗಲ ಕಂಬಳಿ ಮುಟ್ಟಿ, “ಆಣಿ ಮಾಡ್ತೇನ್ರಿ, ತ್ವಾಳದ ಮ್ಯಾಲ ಕೈ ಎತ್ತಂಗಿಲ್ಲ” ಎಂದ. ಕುರಿಗಾರರಿಗೆ ಕಂಬಳಿಗಿಂತ ದೊಡ್ಡ ಆಣೆ ಇಲ್ಲ. ನನ್ನ ಕಣ್ಣು ತುಂಬಿ ಬಂತು.

ನಾಲ್ಕು ದಿನ ಬಿಟ್ಟು ಗುಡ್ಡಕ್ಕೆ ಹೋದೆ. ಬಿಲದ ಬಾಯಿಗೆ ಯಾರೋ ದೊಡ್ಡ ದೊಡ್ಡ ಕಲ್ಲು ಜಡಿದಿದ್ದರು. ತಾಯಿ ದೂರದಲ್ಲಿ ನಿಂತು ಅತ್ತಲೇ ನೋಡುತ್ತಿತ್ತು. ಉಗುರು ಕಿತ್ತುಬರುವ ಹಾಗೆ ಕಲ್ಲು ಎಳೆದೆ. ನಾಲ್ಕೂ ಮರಿಗಳು ಬಾಯಿಯ ಹತ್ತಿರವೇ ಒಂದರ ಮೇಲೊಂದು ಬಿದ್ದಿದ್ದವು. ಒಂದರಲ್ಲೂ ಉಸಿರಿರಲಿಲ್ಲ.

ಮಲಕಾಜಪ್ಪ ಅಲ್ಲೇ ಕೆಳಗೆ ಕುರಿ ಮೇಯಿಸುತ್ತಿದ್ದ.

“ಕಂಬಳಿ ಮುಟ್ಟಿ ಹೇಳಿದ್ದಿಲ್ಲೇನೋ! ನಾಚಿಕಿ ಬರೂದಿಲ್ಲೇನು ನಿನಗ?” ಎಂದು ಚೀರಿದೆ.

“ಕೈ ಎತ್ತಿಲ್ರೀ ನಾ. ಕಲ್ಲ ಇಟ್ಟೇನಿ, ಅಷ್ಟ. ನನ್ನ ಏಳು ಕುರಿಮರಿ ತಿಂದೈತ್ರಿ ಅದು. ಬಿಲ ಮೊದಲ ಗೊತ್ತಿತ್ತು, ತಾಯಿ ಅಂಜಿಕಿ ಇತ್ತು. ಹೊತ್ತು ನೀವ ಹೇಳಿದ್ರಿ.”

ಅವನ ದನಿಯಲ್ಲಿ ಕುಹಕವಿರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಮೋಸಗಾರ ಎನ್ನಲು ಬಾಯಿ ತೆರೆದೆ. ಆದರೆ ಆ ಒಂದು ತಾಸನ್ನು ಅವನ ಕೈಗಿಟ್ಟವಳು ನಾನೇ.

“ಕುಂದರ್ರಿ ಬಾಯಾರ, ನೀರ ಕುಡೀರಿ,” ಎಂದು ಬಾಟಲಿ ಚಾಚಿದ. ತಾನೂ ಪಕ್ಕದಲ್ಲಿ ಕೂತು, “ಸಿಟ್ಟಾಗಬ್ಯಾಡ್ರಿ, ಒಂದು ಕೇಳ್ತೇನಿ. ಇನ್ನ ಆ ತಾಯಿ ಹೊಸಾ ಬಿಲ ಎಲ್ಲಿ ತೋಡತೈತ್ರಿ?” ಎಂದ.

ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ.