ಎರಡು ಕಂಬ

"ಇದ್ಯಾಕಮ್ಮ ಮತ್ತೆ ಎರಡು ಕಂಬ? ಒಂದು ಮಾಡು ಅಂದಿದ್ನಲ್ಲ." ಪಿಎಚ್‌ಡಿ ಗೈಡು ಅವಳ ಗ್ರಾಫನ್ನು ಲ್ಯಾಬಿನ ಕಿಟಕಿಯ ಬೆಳಕಿಗೆ ಹಿಡಿದರು.

ಎತ್ತರದ ಕಂಬ ಕೊಬ್ಬಿನದು, ಮೋಟು ಕಂಬ ಸ್ನಾಯುವಿನದು. ಗೈಡು ವರ್ಷಗಟ್ಟಲೆ ಬೆನ್ನುಹತ್ತಿದ್ದ ಮದ್ದನ್ನು ಮಧುಮೇಹದ ಇಲಿಗಳಿಗೆ ಕೊಟ್ಟು, ಎರಡೂ ಕಡೆಯ ಜೀವಕೋಶಗಳು ಎಷ್ಟು ಸಕ್ಕರೆ ಹೀರುತ್ತವೆಂದು ಅಳೆದವಳು ಅವಳೇ. ಕೊಬ್ಬು ಗಟಗಟ ಹೀರಿತ್ತು. ಸ್ನಾಯು ಜಪ್ಪಯ್ಯ ಅಂದರೂ ಬಾಯಿ ತೆರೆದಿರಲಿಲ್ಲ. ಇನ್ಸುಲಿನ್ ಹೊರಗೆ ನಿಂತು ಕದ ತಟ್ಟಿದರೆ ಆ ಸುದ್ದಿ ಕೋಶದೊಳಗೆ ಕೈಯಿಂದ ಕೈಗೆ ದಾಟಬೇಕು. ಸಕ್ಕರೆಯನ್ನು ಒಳಗೆಳೆಯುವ ಪ್ರೋಟೀನುಗಳು ಅಂಚಿಗೆ ಬರುವುದು ಆಮೇಲೆ. ಸ್ನಾಯುವಿನಲ್ಲಿ ಸುದ್ದಿ ಅರ್ಧದಾರಿಯಲ್ಲೇ ಸತ್ತಿತ್ತು. ಮತ್ತೆ ಮತ್ತೆ ಮಾಡಿ ನೋಡಿದರೂ ಅಲ್ಲೇ.

"ಕೊಬ್ಬೂ ಸ್ನಾಯುವೂ ಒಂದೇ ಇಲಿಯದ್ದು ತಾನೇ? ಸರಾಸರಿ ತಗೊಂಡ್ರೆ ಯಾರಪ್ಪನ ಗಂಟು ಹೋಗುತ್ತೆ?"

"ಒಂದೇ ಮನೆಯವರೇ ಸರ್. ಆದ್ರೆ ಉಂಡ ಸಕ್ಕರೆ ಹೆಚ್ಚು ಹೋಗಬೇಕಾದ್ದು ಸ್ನಾಯುವಿಗೆ, ಅದೇ ಉಪವಾಸ ಕೂತಿದೆ. ತಮ್ಮ ಎರಡು ಪಾಲು ಉಂಡ ಅಂತ ಅಣ್ಣನ ಹೊಟ್ಟೇನೂ ತುಂಬ್ತು ಅನ್ನಕ್ಕಾಗುತ್ತಾ?"

ಪಕ್ಕದ ಮೇಜಿನ ಸೀನಿಯರ್ ಅಕ್ಕ ಕೆಮ್ಮಿದಳು. ಸಾಕು ಮಾಡು ಅನ್ನುವ ಕೆಮ್ಮು.

"ಮಾತಿಗೇನೂ ಕಮ್ಮಿ ಇಲ್ಲ ನಿಂಗೆ," ಗೈಡು ಕನ್ನಡಕ ತೆಗೆದರು. "ನಾಳೆ ಜರ್ನಲ್‌ಗೆ ಪೇಪರ್ ಕಳಿಸ್ತಿದ್ದೀನಿ. ಒಂದು ಕಂಬ ಬರದಿದ್ರೆ ಅದರಲ್ಲಿ ನಿನ್ನ ಹೆಸರಿರಲ್ಲ. ಥೀಸಿಸ್‌ಗೆ ನನ್ನ ಸಹಿಯೂ ಇರಲ್ಲ."

ಅವಳಿಗೆ ಅಪ್ಪನ ಎಡಗಾಲು ಕಣ್ಣಮುಂದೆ ಬಂತು. 'ಮೂರು ತಿಂಗಳ ಸಕ್ಕರೆ ಸರಾಸರಿ ಚೆನ್ನಾಗೇ ಇದೆ' ಎಂದು ಡಾಕ್ಟರು ಬೆನ್ನು ತಟ್ಟಿದ ತಿಂಗಳೇ ಆ ಕಾಲಿನ ಎರಡು ಬೆರಳು ಹೋಗಿದ್ದವು.

"ಹೆಸರು ತೆಗೀರಿ ಸರ್. ಹಾಗೇ ನನ್ನ ಅಳತೆಗಳನ್ನೂ ತೆಗೀರಿ."

"ಅಳತೆ ಲ್ಯಾಬಿನದು."

"ಹಾಗಾದ್ರೆ ಲ್ಯಾಬಿನವರೆಲ್ಲ ನೋಡ್ಲಿ."

ಗೈಡು ಗ್ರಾಫನ್ನು ಮೇಜಿನ ಮೇಲೆ ಎಸೆದು ಹೊರಟುಹೋದರು. ವಾರದ ಸಭೆಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ಗ್ರಾಫನ್ನು ಸಭಾಕೋಣೆಯ ಗಾಜಿನ ಬಾಗಿಲಿಗೆ ಅಂಟಿಸುವುದು ಅಲ್ಲಿನ ರೂಢಿ; ಗೈಡು ನೋಡಿ ಒಪ್ಪಿದ್ದು ಮಾತ್ರ ಅಲ್ಲಿಗೇರುತ್ತಿತ್ತು. ಅವಳು ಹಾಳೆ, ಟೇಪು ಎತ್ತಿಕೊಂಡು ನಡೆದಳು. ಅಕ್ಕ ಹಿಂದೆಯೇ ಓಡಿಬಂದಳು.

"ಹುಚ್ಚು ಹಿಡಿದಿದೆಯೇನೇ? ಬಂಡೆಗೆ ಹೋಗಿ ಹಣೆ ಚಚ್ಚಿಕೊಳ್ತಾರಾ ಯಾರಾದ್ರೂ?"

"ಬಂಡೆಗೂ ಒಂದು ಸಲ ಸದ್ದು ಕೇಳ್ಲಿ ಬಿಡಕ್ಕ."

"ನಾಲ್ಕು ವರ್ಷ ಕಣೇ."

"ಗೊತ್ತು."

ಮೂರು ಮೂಲೆ ಅಂಟಿದವು. ನಾಲ್ಕನೆಯದು ಫ್ಯಾನಿನ ಗಾಳಿಗೆ ಪಟಪಟ ಎದ್ದು, ಮೋಟು ಕಂಬವನ್ನೇ ಮುಚ್ಚಿಕೊಳ್ಳುತ್ತಿತ್ತು. ಅವಳು ಅದನ್ನು ಅಂಗೈಯಿಂದ ಒತ್ತಿ ಹಿಡಿದು ನಿಂತಳು. ಅಕ್ಕ ಕಾರಿಡಾರಿನ ಆ ತುದಿ ಈ ತುದಿ ನೋಡಿದಳು. ಆಮೇಲೆ ಟೇಪು ಎಳೆದು, ಹಲ್ಲಿನಲ್ಲಿ ಕಚ್ಚಿ ಹರಿದಳು.