ಜಪಾನಿ ಗಾಡಿಯ ಇರುವೆಗಳು

ಚಿಕ್ಕೋಡಿಯಲ್ಲಿ ಮುರಗೆಪ್ಪ ಮಿಸ್ತ್ರಿಯ ಮೂಗಿಗೆ ಕೋರ್ಟಿನ ಸಾಕ್ಷಿಗಿಂತ ಹೆಚ್ಚು ಬೆಲೆ ಇತ್ತು. ನಿಪ್ಪಾಣಿ ರಸ್ತೆಯ ಅವನ ಗ್ಯಾರೇಜಿಗೆ ಗಾಡಿ ಬಂದರೆ ಅವನು ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಹಿಂದೆ ಹೋಗಿ ಸೈಲೆನ್ಸರಿನ ಹೊಗೆ ಮೂಸಿ, ಆಯಿಲ್ ಸುಡುತ್ತಿದೆಯೋ, ವಾಲ್ವ್ ಹೋಗಿದೆಯೋ ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಆ ಮೂಗು ಸುಳ್ಳು ಹೇಳಿರಲಿಲ್ಲ. ಹಾಗಾಗಿ ತೊಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ ಅದು ಸುಳ್ಳು ಹೇಳಿದಾಗ ಯಾರೂ ಅನುಮಾನಪಡಲಿಲ್ಲ. ಮುರಗೆಪ್ಪನಂತೂ ಪಡಲೇ ಇಲ್ಲ.

ಗಾಡಿ ಕಾಗವಾಡದ ರಾವಸಾಹೇಬರದು. ದ್ರಾಕ್ಷಿ ಚೆನ್ನಾಗಿ ಬಂದ ಒಂದು ವರ್ಷ ಅವರಿಗೆ ಅಂಬಾಸಡರ್ ಸಾಲದೆ ಹೋಗಿ, ಸಿಂಗಾಪುರದಿಂದ ಹಡಗಿನಲ್ಲಿ ಬಂದಿದ್ದ ಹಳೇ ಜಪಾನಿ ಗಾಡಿಯೊಂದನ್ನು ಮುಂಬಯಿಯಲ್ಲಿ ಕೊಂಡಿದ್ದರು. ಅದಕ್ಕೆ ಕಾರ್ಬುರೇಟರೇ ಇರಲಿಲ್ಲ. ಎಷ್ಟು ಪೆಟ್ರೋಲ್ ಕುಡಿಯಬೇಕು, ಯಾವಾಗ ಕಿಡಿ ಹಾರಬೇಕು ಎಂದು ಇಂಜಿನ್ನಿಗೆ ಹೇಳಲು ಒಳಗೊಂದು ಕಂಪ್ಯೂಟರ್ ಇದೆಯೆಂದು ಮಾರಿದವನು ಹೇಳಿದ್ದ. ಅದು ಎಲ್ಲಿದೆ ಎಂದು ಇವರ್ಯಾರೂ ಕೇಳಿರಲಿಲ್ಲ. ಗಾಡಿ ಓಡಿಸುತ್ತಿದ್ದವನು ತೆಲಸಂಗದ ಮಲಕಾರಿ, ಕುರಿ ಕಾಯುವ ಮನೆಯ ಹುಡುಗ. ರಾವಸಾಹೇಬರ ಬಳಿ ಎಂಟು ವರ್ಷದಿಂದ ಡ್ರೈವರ್. ಪ್ರತಿ ಅಮಾವಾಸ್ಯೆ ಗಾಡಿ ತೊಳೆದು, ಹೂ ಏರಿಸಿ, ಪೂಜೆಗೆಂದು ಮುರಗೆಪ್ಪನ ಗ್ಯಾರೇಜಿಗೆ ತರುತ್ತಿದ್ದ.

ಆ ಬೇಸಿಗೆಯಲ್ಲಿ ಗಾಡಿ ಕೆಟ್ಟ ಚಾಳಿ ಕಲಿಯಿತು. ಹತ್ತು ಮೈಲಿ ಓಡಿ ಬಿಸಿಯಾದರೆ ಕೆಮ್ಮುವುದು, ಕರಿ ಹೊಗೆ ಬಿಡುವುದು, ನಡು ರಸ್ತೆಯಲ್ಲಿ ನಿಂತುಬಿಡುವುದು. ಒಂದು ತಾಸು ಬಿಟ್ಟರೆ ಏನೂ ಆಗದಂತೆ ಮತ್ತೆ ಚಾಲೂ. ಮೊದಮೊದಲು ಮೂಗಿಗೆ ಏನೂ ಹೊಳೆಯದೆ ಮುರಗೆಪ್ಪ ಪ್ಲಗ್ ಬದಲಿಸಿದ, ಫಿಲ್ಟರ್ ಬದಲಿಸಿದ, ಪಂಪು ಬದಲಿಸಿದ. ಗಾಡಿ ಮತ್ತೆ ನಿಂತಿತು. ಕೊನೆಗೆ ಗ್ಯಾರೇಜಿನ ತುಂಬ ಗಿರಾಕಿಗಳಿದ್ದ ದಿನ ಮತ್ತೊಮ್ಮೆ ಹಿಂದೆ ಹೋಗಿ ಹೊಗೆ ಮೂಸಿದ.

"ಪೆಟ್ರೋಲಿನ್ಯಾಗ ಚಿಮಣಿ ಎಣ್ಣಿ ಐತ್ರಿ ರಾವಸಾಹೇಬ್ರ," ಎಂದ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೀಮೆಎಣ್ಣೆ ಬೆರೆಸಿ ಪೆಟ್ರೋಲಿನ ದುಡ್ಡು ಉಳಿಸಿಕೊಳ್ಳಬಲ್ಲವನು, ಪೆಟ್ರೋಲ್ ಹಾಕಿಸುತ್ತಿದ್ದ ಮಲಕಾರಿ ಒಬ್ಬನೇ. ಇನ್ನೇನು ಬೇಕು? ಎಲ್ಲರ ಕಣ್ಣು ಅವನ ಕಡೆ ತಿರುಗಿದವು. ಮಲಕಾರಿ ಕಿಸೆಯಿಂದ ಬೀರದೇವರ ಭಂಡಾರದ ಚೀಲ ತೆಗೆದ, ಕೈಯೆಲ್ಲ ಅರಿಶಿನವಾಯಿತು.

"ಭಂಡಾರ ಮುಟ್ಟಿ ಹೇಳ್ತೀನ್ರಿ. ಒಂದ ಹನಿ ಕಲಸಿದ್ರ ನನ್ನ ಕುರಿ ಹಿಂಡ ನಾಶ ಆಗ್ಲಿ."

"ಭಂಡಾರ ಏನ ಮಾಡತೈತೋ ಇದಕ್ಕ?" ಎಂದ ಮುರಗೆಪ್ಪ, ಕೈ ಒರೆಸುತ್ತ. "ಮನಶ್ಯಾ ಸುಳ್ಳ ಹೇಳ್ತಾನ. ಇಂಜಿನ್ ಹೇಳೂದಿಲ್ಲ."

ಜನ ನಕ್ಕರು. ರಾವಸಾಹೇಬರು ಅಲ್ಲೇ ಕೀಲಿ ಕಸಿದುಕೊಂಡರು. ಮಲಕಾರಿ ಚೀಲದ ದಾರ ಬಿಗಿದು, ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಇಪ್ಪತ್ತು ದಿನ ಕಳೆಯಿತು. ಒಂದು ಮಧ್ಯಾಹ್ನ ಅದೇ ಗಾಡಿ ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಗ್ಯಾರೇಜಿಗೆ ಬಂತು. ಸ್ಟೇರಿಂಗ್ ಹಿಡಿದು ಕೂತಿದ್ದ ರಾವಸಾಹೇಬರ ಮುಖ ಕಾದ ಹೆಂಚು.

"ಅಂಕಲಿ ಹೊಳಿ ಪೂಲ್ ಮ್ಯಾಲ ನಿಂತೈತಿ ಮಿಸ್ತ್ರಿ. ಮಿರಜಿನ್ಯಾಗ ನಾನಽ ನಿಂತು ಪೆಟ್ರೋಲ್ ಹಾಕಿಸೀನಿ, ನನ್ನ ಕಣ್ಣ ಮುಂದ. ಈಗ ಯಾರ ಕಲಸ್ಯಾರ ಹೇಳ್ರಿ, ನಾನ?"

ಅಂದಿನಿಂದ ಮುರಗೆಪ್ಪನಿಗೆ ಕೂತಲ್ಲಿ ಕೂರಲು ಆಗಲಿಲ್ಲ. ಚಹಾ ತರಿಸಿ ಆರಲು ಬಿಟ್ಟು ಎದ್ದು ಹೋಗುವನು, ಬೇರೆ ಗಾಡಿಯ ಚಕ್ರ ಬಿಚ್ಚುತ್ತ ಅರ್ಧಕ್ಕೆ ನಿಲ್ಲಿಸಿ ಜಪಾನಿ ಗಾಡಿಯ ಹಿಂದೆ ನಿಂತು ಮೂಸುವನು. ವಾಸನೆ ಅದೇ. ಹಾಗಾದರೆ ಅಂದು ಮೂಗು ಕಂಡದ್ದೇನು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹುಡುಗ ಕಳ್ಳನಲ್ಲ ಎಂಬುದು ಅವನ ಮನಸ್ಸಿಗೆ ಆಗಲೇ ಗೊತ್ತಾಗಿತ್ತು. ಆದರೆ ಬೇರೆ ಕಾರಣ ಕೈಗೆ ಸಿಗುವ ತನಕ ಗೊತ್ತಿಲ್ಲ ಎಂದುಕೊಳ್ಳಲು ದಾರಿ ಇತ್ತಲ್ಲ. ಆ ದಾರಿಯಲ್ಲೇ ಅವನು ಅತ್ತಿಂದಿತ್ತ ಅಡ್ಡಾಡುತ್ತಿದ್ದ.

ಮೂರನೆಯ ದಿನ ತಡೆಯಲಾರದೆ ನಿಪ್ಪಾಣಿಗೆ ಹೋಗಿ ಬಾಬಾಸಾಹೇಬನನ್ನು ಕರೆತಂದ. ರೇಡಿಯೋ, ಟೀವಿ ರಿಪೇರಿಯವನು. ಪುಣೆಯಲ್ಲಿ ಎರಡು ವರ್ಷ ಇಂಥ ಗಾಡಿಗಳ ವೈರಿಂಗ್ ಮಾಡಿದ್ದ. ಅವನು ಬಾನೆಟ್ಟಿನ ಕೆಳಗಿನ ಸಣ್ಣ ಡಬ್ಬಿಯೊಂದರ ಎರಡು ಕಿಂಡಿಗಳಿಗೆ ತಂತಿ ಚುಚ್ಚಿ ಕೀಲಿ ತಿರುಗಿಸಿದ. ಮೀಟರಿನ ಹತ್ತಿರದ ಹಳದಿ ದೀಪ ಮಿಣುಕತೊಡಗಿತು.

"ಎಷ್ಟ ಸಲ ಮಿಣುಕತೈತಿ ಎಣಸ್ರಿ. ತನಗ ಏನ ಆಗೇತಿ ಅಂತ ಕಂಪ್ಯೂಟರ್ ಹಿಂಗ ಹೇಳತೈತಿ."

ಎಣಿಸಿದರು. ನೀರಿನ ಬಿಸಿ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದಿತು. ಮೀಟರ್ ಹಚ್ಚಿ ನೋಡಿದರೆ ಸೆನ್ಸರ್ ಸರಿ ಇತ್ತು. ಮತ್ತೆ ಕೇಳಿದರೆ ಗಾಳಿ ಅಳೆಯುವುದು ಕೆಟ್ಟಿದೆ ಎಂದಿತು. ಅದೂ ಸರಿ ಇತ್ತು.

"ಕಾಳಜಿ ಮಾಡೂ ಮಾತು," ಎಂದ ಬಾಬಾಸಾಹೇಬ. "ಸಾಕ್ಷಿ ಹೇಳಾವಗಽ ತಲಿ ಕೆಟ್ಟೈತಿ."

ಎಡಗಡೆ ಸೀಟಿನ ಮುಂದೆ, ಕಾಲಿಡುವ ಜಾಗದ ಮೇಲಿನ ಹಲಗೆ ಬಿಚ್ಚಿದ. ಒಳಗೆ ತಗಡಿನ ಪೆಟ್ಟಿಗೆ, ಊಟದ ಡಬ್ಬಿಯಷ್ಟು ದೊಡ್ಡದು. ಇಂಜಿನ್ ಚಾಲೂ ಇಟ್ಟು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಕುಟ್ಟಿದ. ಇಂಜಿನ್ ಒಮ್ಮೆ ಕೆಮ್ಮಿ ಸತ್ತಿತು. ಮತ್ತೆ ಚಾಲೂ ಮಾಡಿ ಕುಟ್ಟಿದ, ಮತ್ತೆ ಸತ್ತಿತು. ಪೆಟ್ಟಿಗೆ ಹೊರತೆಗೆದು ಮುಚ್ಚಳ ಬಿಚ್ಚಿದಾಗ ಇಬ್ಬರೂ ಬಗ್ಗಿ ನೋಡಿದರು. ಒಂದು ಮೂಲೆಯ ಬೆಸುಗೆಗಳೆಲ್ಲ ಹಸಿರು ಕಿಲುಬು ಹಿಡಿದಿದ್ದವು. ಕಿಲುಬಿನ ತುಂಬ ಸತ್ತ ಕೆಂಪು ಇರುವೆಗಳು.

"ನೀರ ಇಳದೈತಿ. ಮಳಿ ನೀರಲ್ಲ," ಎಂದ ಬಾಬಾಸಾಹೇಬ. "ಮಳಿ ನೀರಿಗಿ ಇರಿವಿ ಯಾಕ ಬರ್ತಾವ? ಮುಂದಿನ ಗಾಜಿನ ಬುಡಕ ಗಾಳಿ ಹೋಗೂ ಜಾಳಗಿ ಐತಲ್ಲ, ಒಂದ ತಂಬಿಗಿ ನೀರ ಹಾಕ್ರಿ ಅಲ್ಲಿ."

ಮುರಗೆಪ್ಪ ಹಾಕಿದ. ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ನೀರು ಜಾಳಿಗೆಯಲ್ಲಿಳಿದು, ಒಳಗೆ ಪೆಟ್ಟಿಗೆ ಇದ್ದ ಜಾಗದ ಮೇಲೆಯೇ ತೊಟ್ಟಿಕ್ಕಿತು.

ತಂಬಿಗೆ ಅವನ ಕೈಯಲ್ಲೇ ಉಳಿಯಿತು. ಊರಿನ ಬೇರೆ ಗ್ಯಾರೇಜುಗಳಲ್ಲಿ ಅಮಾವಾಸ್ಯೆಯ ಕಾಯಿಯನ್ನು ಚಕ್ರದ ಮುಂದೆ ಕಲ್ಲಿಗೆ ಒಡೆಯುತ್ತಾರೆ. ಮುರಗೆಪ್ಪನದು ಹಾಗಲ್ಲ. ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅವನಪ್ಪ ಕಾಯಿನೀರನ್ನು ನೆಲಕ್ಕೆ ಚೆಲ್ಲದೆ ಇಂಜಿನ್ನಿನ ನೆತ್ತಿಗೆ ಎರೆಯುತ್ತಿದ್ದ. ದುಡಿಯುವವನಿಗೇ ನೀರು ಸಿಗಬೇಕು ಎನ್ನುತ್ತಿದ್ದ. ಮಗನೂ ಅದನ್ನೇ ಹಿಡಿದು, ಬಾನೆಟ್ಟೂ ಗಾಜೂ ಕೂಡುವಲ್ಲಿ ಕಾಯಿ ಒಡೆದು ಎರೆಯುತ್ತ ಬಂದಿದ್ದ. ಜೀಪು, ಅಂಬಾಸಡರುಗಳು ಆ ನೀರನ್ನು ಕುಡಿದು ಸುಮ್ಮನಿದ್ದವು. ಈ ಜಪಾನಿ ಗಾಡಿಗೂ ಮೂರು ವರ್ಷ, ಒಂದು ಅಮಾವಾಸ್ಯೆ ತಪ್ಪಿಸದೆ, ಭಕ್ತಿಯಿಂದ ಎರೆದಿದ್ದ.

ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಯುಗಾದಿಯ ಹೊತ್ತಿಗೆ ಮಲಕಾರಿ ಹೇಳಿದ್ದು ನೆನಪಾಯಿತು. "ಕಾಕಾ, ಎಡಗಡೆ ಇರಿವಿ ಭಾಳ ಆಗ್ಯಾವ್ರಿ. ಒಳಗ ಎಲ್ಲೆ ಹೊಂಟಾವ ನೋಡ್ರಿ ಒಮ್ಮಿ." ಮುರಗೆಪ್ಪ ನಕ್ಕು, "ಗಾಡ್ಯಾಗ ಕೂತ ಪೇಢೆ ತಿನ್ನೂದ ಬಿಡಲೇ," ಎಂದಿದ್ದ. ಹುಡುಗ ಕಾಯಿಲೆಯ ಬುಡವನ್ನೇ ಬೊಟ್ಟು ಮಾಡಿ ತೋರಿಸಿದ್ದ.

ಪೆಟ್ಟಿಗೆಯ ಮೇಲಿನ ನಂಬರು ಬರೆದು ಕಳಿಸಿದರು. ಮುಂಬಯಿಯ ಗುಜರಿಯಲ್ಲಿ ಅದೇ ನಂಬರಿನ ಇನ್ನೊಂದು ಸಿಕ್ಕಿ, ಐದನೇ ದಿನ ಬಸ್ಸಿನ ಪಾರ್ಸಲ್ಲಿನಲ್ಲಿ ಬಂತು. ಮೊದಲು ಜಾಳಿಗೆಯ ಕೆಳಗೆ ಹೊಸ ರಬ್ಬರು ಕೂರಿಸಿ, ಆಮೇಲೆ ಪೆಟ್ಟಿಗೆ ಜೋಡಿಸಿದರು. ಮುರಗೆಪ್ಪ ಸುಡು ಬಿಸಿಲಲ್ಲಿ ರಾಯಬಾಗಕ್ಕೆ ಎರಡು ಸಲ ಹೋಗಿ ಬಂದ. ಗಾಡಿ ಒಮ್ಮೆಯೂ ಕೆಮ್ಮಲಿಲ್ಲ. ಕೆಟ್ಟ ಪೆಟ್ಟಿಗೆ ಅಳತೆ ತಪ್ಪಿ ಕುಡಿಸಿ, ಅರೆ ಸುಟ್ಟ ಪೆಟ್ರೋಲಿನಿಂದ ಹೊಗೆಗೆ ಬಂದಿದ್ದ ಆ ವಾಸನೆಯೂ ಹೋಯಿತು.

ರಾವಸಾಹೇಬರು ಗಾಡಿ ಒಯ್ಯಲು ಬಂದ ದಿನ ಅಮಾವಾಸ್ಯೆ. ಗ್ಯಾರೇಜಿನ ತುಂಬ ಮತ್ತೆ ಜನ. ಖುಷಿಯಲ್ಲಿ ತಾವೇ ಕಾಯಿ ತಂದಿದ್ದರು.

"ಏನಾಗಿತ್ರಿ ಕಂಪ್ಯೂಟರಿಗಿ? ಹಳೇದಾಗಿತ್ತೇನ?"

"ಹೂಂ ರಿ, ಹಳೇದು," ಎಂದುಬಿಟ್ಟ ಮುರಗೆಪ್ಪ. ಎಷ್ಟು ಸಲೀಸಾಗಿ ಬಂತು ಮಾತು! ಹೆಸರು ಉಳಿಯಿತು, ಕಥೆ ಮುಗಿಯಿತು.

"ಹೋಗ್ಲಿ ಬಿಡ್ರಿ. ನಿಮ್ಮಿಂದ ಒಬ್ಬ ಕಳ್ಳನಾದ್ರೂ ಮನಿ ಬಿಟ್ಟ ಹ್ವಾದ," ಎನ್ನುತ್ತ ಅವರು ಕಾಯಿಯನ್ನು ಅವನ ಕೈಗಿತ್ತರು. "ಎರೀರಿ, ನಿಮ್ಮ ಪದ್ಧತಿ ಪ್ರಕಾರ."

ಮುರಗೆಪ್ಪ ಕಾಯಿ ಹಿಡಿದು ಬಾನೆಟ್ಟಿನ ತನಕ ಹೋದ. ಕೈ ಮೇಲೇಳಲಿಲ್ಲ. ಹಿಂದಿರುಗಿ, ನೆಲದ ಕಲ್ಲಿಗೆ ಜೋರಾಗಿ ಒಡೆದ. ನೀರು ಮಣ್ಣಿಗೆ ಹೋಯಿತು.

"ಚಿಮಣಿ ಎಣ್ಣಿ ಇರಲಿಲ್ರಿ ರಾವಸಾಹೇಬ್ರ. ನಾ ಎರದ ಕಾಯಿನೀರು ಆ ಪೆಟಿಗ್ಯಾಗ ಇಳದು ಗಾಡಿ ಕೆಡಸೇತಿ. ಹುಡುಗ ಇರಿವಿ ತೋರಿಸಿದ್ದ, ನಾ ನಕ್ಕಿದ್ನಿ. ಕಳ್ಳ ಅವ ಅಲ್ಲ."

ರಾವಸಾಹೇಬರು ಹತ್ತಿರ ಬಂದು ದನಿ ತಗ್ಗಿಸಿ, "ಯಾರ ಕಡಿಂದಾದ್ರೂ ಹೇಳಿ ಕಳಸೂನು, ಬರ್ತಾನ ತಗೋರಿ. ನೀವ್ಯಾಕ ಇದನ್ನ ಎಬ್ಬಸ್ತೀರಿ?" ಎಂದರು.

"ಮಂದಿ ಮುಂದ ಅವಗ ಕಳ್ಳ ಅಂದೀನ್ರಿ. ಮಂದಿ ಮುಂದಽ ಆ ಹೆಸರ ಬಿಡಸಬೇಕು. ಕೀಲಿ ಕೊಡ್ರಿ."

ರಾವಸಾಹೇಬರು ಕೀಲಿ ಕೊಟ್ಟರು. ಮುರಗೆಪ್ಪ ಒಬ್ಬನೇ ಓಡಿಸಿಕೊಂಡು ಬಂದ ಗಾಡಿ ತೆಲಸಂಗದಲ್ಲಿ ಬೀರದೇವರ ಕಟ್ಟೆಯ ಮುಂದೆ ನಿಂತಾಗ ಬಿಸಿಲು ಇಳಿಯುತ್ತಿತ್ತು. ಕಟ್ಟೆಯ ಮೇಲೆ ಏಳೆಂಟು ಜನ. ಮಲಕಾರಿ ಕುರಿ ಹೊಡೆದುಕೊಂಡು ಬರುತ್ತಿದ್ದವನು ಗಾಡಿ ಕಂಡು ದೂರದಲ್ಲೇ ನಿಂತ. ಅವನವ್ವ ಸತ್ತೆವ್ವ ಮುಂದೆ ಬಂದಳು. ಮುರಗೆಪ್ಪ ಎಲ್ಲವನ್ನೂ ಅವಳ ಮುಂದೆ ಒಪ್ಪಿಕೊಂಡ.

"ನನಗ ಹೇಳಿ ಏನ ಮಾಡ್ತಿಯೋ ಯಪ್ಪಾ?" ಎಂದಳು ಮುದುಕಿ. "ನನ್ನ ಮಗ ಅಂತಾವ ಅಲ್ಲಂತ ನನಗ ಮೊದಲಽ ಗೊತ್ತು. ತಿಂಗಳಾತು, ಊರ ಮಂದಿ ಅವಗ ಚಿಮಣಿ ಎಣ್ಣಿ ಮಲಕಾರಿ ಅಂತಾರ. ಅವರಿಗಿ ಹೇಳ. ಅವತ್ತ ನನ್ನ ಮಗನ ಭಂಡಾರ ಬ್ಯಾಡ ಅಂದ್ಯಲ್ಲ, ಇವತ್ತ ನೀ ಮುಟ್ಟ."

ಕಟ್ಟೆಯ ಮೇಲಿದ್ದ ಭಂಡಾರದ ಬಟ್ಟಲು ಎತ್ತಿ ಮುಂದೆ ಚಾಚಿದಳು. ಗ್ರೀಸ್ ಹೋಗದ ಆ ಕೈಯನ್ನು ಮುರಗೆಪ್ಪ ಅದರಲ್ಲಿ ಇಟ್ಟ. ಕಟ್ಟೆಯ ಕಡೆ ತಿರುಗಿ, ಗ್ಯಾರೇಜಿನಲ್ಲಿ ಅಂದು ಆಡಿದಷ್ಟೇ ಜೋರಾಗಿ, ಮಲಕಾರಿ ಕಳ್ಳನಲ್ಲ, ತಪ್ಪೆಲ್ಲ ತನ್ನದು ಎಂದು ಹೇಳಿದ. ಯಾರೂ ನಗಲಿಲ್ಲ.

ಮಲಕಾರಿ ಹತ್ತಿರ ಬಂದ. ಮುರಗೆಪ್ಪನ ಮುಖ ನೋಡದೆ ಗಾಡಿಯ ಎಡಗಡೆ ಬಾಗಿಲು ತೆಗೆದು, ಬಗ್ಗಿ, ಕಾಲಿಡುವ ಜಾಗದಲ್ಲಿ ಕೈಯಾಡಿಸಿ ನೋಡಿದ.

"ಇರಿವಿ ಹ್ವಾದುವೇನ್ರಿ?"

"ಹ್ವಾದುವೋ ಯಪ್ಪಾ."

"ನಾ ಹೇಳಿದ್ನಿ, ಕಾಕಾ."

"ಹೇಳಿದ್ದಿ," ಎಂದ ಮುರಗೆಪ್ಪ. ಅವನ ಕಣ್ಣು ತುಂಬಿ ಬಂದವು. ಅರಿಶಿನದ ಕೈಯಲ್ಲೇ ಕೀಲಿ ಚಾಚಿದ.

ಮಲಕಾರಿ ತಕ್ಷಣ ತೆಗೆದುಕೊಳ್ಳಲಿಲ್ಲ. ಹಿಂದೆ ಚದುರುತ್ತಿದ್ದ ಕುರಿಗಳ ಕಡೆ ತಿರುಗಿ ನೋಡಿದ.

"ಮೊದಲ ಕುರಿ ಹಟ್ಟಿಗಿ ಹೊಡದ ಬರ್ತೀನ್ರಿ," ಎಂದ. "ಕುಂದರ್ರಿ ಅಲ್ಲೀತನಕ."

ಮುರಗೆಪ್ಪ ಕಟ್ಟೆಯ ತುದಿಯಲ್ಲಿ, ಆ ಜನರ ನಡುವೆ, ಕೂತುಕೊಂಡ.